ಕಲ್ಯಾಣ ದಾಟದ ಒಡಕು

ಕಳೆದ ಸೆಪ್ಟೆಂಬರಿನಲ್ಲಿ, ಎಂದರೆ 2025ರ ಜಾತಿ ಸಮೀಕ್ಷೆಯ ಹೊತ್ತಿನಲ್ಲಿ, ನ್ಯಾಮತಿಯ ನಮ್ಮ ಮನೆಗೂ ಒಬ್ಬ ಮೇಷ್ಟ್ರು ಮೊಬೈಲು ಹಿಡಿದು ಬಂದರು. ಧರ್ಮದ ಕಾಲಂ ಬಂದಾಗ ಅಪ್ಪ 'ಲಿಂಗಾಯತ' ಅಂದರು. ಚನ್ನಗಿರಿಯಿಂದ ಬಂದಿದ್ದ ಸೋದರಮಾವ, 'ವೀರಶೈವ ಬಿಟ್ಟು ಹೆಂಗ್ ಬರೆಸ್ತೀರಿ ಭಾವ?' ಅಂದರು. ಮೇಷ್ಟ್ರ ಬೆರಳು ಪರದೆಯ ಮೇಲೆ ತಡೆದು ನಿಂತಿತು. ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಕೂಗಿದಳು: 'ಮರುಳಸಿದ್ದಪ್ಪನ ಒಕ್ಕಲು ಅಂತ ಬರ್ಕಳಪ್ಪ.'

ಅಜ್ಜಿಯ ತವರು ಜಗಳೂರು ಕಡೆ. ಅಲ್ಲಿಂದ ಉಜ್ಜಿನಿ ದೂರವಲ್ಲ. ಪಂಚಪೀಠಗಳಲ್ಲೊಂದಾದ ಉಜ್ಜಿನಿ ಪೀಠಕ್ಕೆ ಮೂಲಗುರು ಮರುಳಾರಾಧ್ಯರು. ಸಿರಿಗೆರೆಯ ತರಳಬಾಳು ಮಠದ ಪರಂಪರೆಯಲ್ಲಾದರೆ ಹನ್ನೆರಡನೆಯ ಶತಮಾನದ ಮರುಳಸಿದ್ಧ ಅದೇ ಉಜ್ಜಿನಿಯಲ್ಲಿ ಶಿಷ್ಯ ತೆಲುಗುಬಾಳು ಸಿದ್ಧೇಶ್ವರನನ್ನು 'ತರಳಾ, ಬಾಳು' ಎಂದು ಹರಸಿದ. ಊರೊಂದೇ, ಹೆಸರೂ ಹೆಚ್ಚುಕಡಿಮೆ ಒಂದೇ. ಕಥೆ ಮಾತ್ರ ಎರಡು. ಒಂದು ಕಥೆ ಆಚಾರ್ಯರಿಂದ ಶುರುವಾಗುತ್ತದೆ, ಇನ್ನೊಂದು ಶರಣರಿಂದ. ಅಜ್ಜಿಗೆ ಈ ಲೆಕ್ಕ ಗೊತ್ತಿಲ್ಲ ಎಂದೇನಲ್ಲ, ಬೇಕಿಲ್ಲ ಅಷ್ಟೆ. 1950ರಲ್ಲಿ ಜಗಳೂರಿನಲ್ಲಿ ಮೊದಲ ತರಳಬಾಳು ಹುಣ್ಣಿಮೆ ನಡೆದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದವಳು ಅವಳೇ. ಉಜ್ಜಿನಿಯಲ್ಲಿ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುವುದನ್ನು ನೋಡಲು ವರ್ಷ ವರ್ಷ ಹೋಗುತ್ತಿದ್ದವಳೂ ಅವಳೇ.

ನಾನು ಪಿಎಚ್.ಡಿ.ಗೆ ಆರಿಸಿಕೊಂಡಿರುವುದು ಕನ್ನಡ ನಾಟಕಗಳಲ್ಲಿ ಧಾರ್ಮಿಕ ಸಂಘರ್ಷ. ಲಂಕೇಶರ 'ಸಂಕ್ರಾಂತಿ', ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ', ಕಾರ್ನಾಡರ 'ತಲೆದಂಡ', ಕಂಬಾರರ 'ಶಿವರಾತ್ರಿ': ನಾಲ್ಕೂ ಹೋಗಿ ನಿಲ್ಲುವುದು ಕಲ್ಯಾಣದಲ್ಲಿ. ಬಿಜ್ಜಳ, ಬಸವಣ್ಣ, ಎಳೆಹೂಟೆ, ಚೆಲ್ಲಾಪಿಲ್ಲಿಯಾದ ಶರಣರು. ದೊಡ್ಡ ನಾಟಕಗಳು, ಅದರಲ್ಲಿ ಅನುಮಾನವಿಲ್ಲ. ಆದರೆ ಕಲ್ಯಾಣದ ಆಚೆ ಎಂಟುನೂರು ವರ್ಷಗಳಿವೆ. ಹೊನ್ನಾಳಿಯಲ್ಲಿ ಪಂಚಾಚಾರ್ಯ ಪರಂಪರೆಯ ಹಿರೇಕಲ್ಮಠ, ಚನ್ನಗಿರಿ ತಾಲ್ಲೂಕಿನ ಪಾಂಡೋಮಟ್ಟಿಯಲ್ಲಿ ವಿರಕ್ತಮಠ, ಊರೂರಿನಲ್ಲಿ ಸಿರಿಗೆರೆಯ ಶಿಷ್ಯರು. ಇವರೆಲ್ಲ ಒಂದೇ ಬಸ್ಸಿನಲ್ಲಿ ಓಡಾಡಿ, ಒಂದೇ ಸಂತೆಯಲ್ಲಿ ಕೊಂಡು, ಒಬ್ಬರ ಮನೆಗೊಬ್ಬರು ಹೆಣ್ಣು ಕೊಟ್ಟು ತಂದು ಬದುಕಿದ ಒಡಕನ್ನು ನಾನು ಓದಿದ ಯಾವ ನಾಟಕ, ಕಾದಂಬರಿಯೂ ಮುಟ್ಟಿಲ್ಲ.

ಭಯವೇ ಕಾರಣ ಎನ್ನುವವರಿದ್ದಾರೆ. ಪಿ.ವಿ. ನಾರಾಯಣರ 'ಧರ್ಮಕಾರಣ' ಕಾದಂಬರಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು, 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆದರೆ ಅದೂ ಬಸವಣ್ಣನ ಕಾಲದ ಕಾದಂಬರಿಯೇ. ಪೆಟ್ಟು ತಿಂದವರೂ ಕಲ್ಯಾಣಕ್ಕೆ ಹೋದವರೇ ಆದಾಗ, ನ್ಯಾಮತಿಗೆ ಬರದಿರಲು ಭಯವೊಂದನ್ನೇ ಕಾರಣ ಮಾಡುವುದು ಹೇಗೆ?

ನನಗೆ ಬೇರೆ ಉತ್ತರ ಹೊಳೆದದ್ದು ವಿಲಿಯಂ ಅಲೆಕ್ಸಾಂಡರ್ ಎಂಬ ಸ್ಕಾಟ್ಲೆಂಡಿನ ಪತ್ರಕರ್ತನ 'ಜಾನಿ ಗಿಬ್ ಆಫ್ ಗುಶೆಟ್‌ನ್ಯೂಕ್' ಓದುವಾಗ. ನೇಗಿಲು ಹಿಡಿದು ಬೆಳೆದು, ಅಪಘಾತದಲ್ಲಿ ಕಾಲು ಕಳೆದುಕೊಂಡು ಪತ್ರಿಕೆಗೆ ಬಂದವನು ಅವನು. 'ಅಬರ್ಡೀನ್ ಫ್ರೀ ಪ್ರೆಸ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1871ರಲ್ಲಿ ಪುಸ್ತಕವಾಯಿತು. ಅದರ ಹಿನ್ನೆಲೆ 1843ರ ದೊಡ್ಡ ಒಡಕು. ಸ್ಕಾಟ್ಲೆಂಡಿನ ಚರ್ಚಿನಲ್ಲಿ ಊರಿಗೆ ಪಾದ್ರಿಯನ್ನು ಸೂಚಿಸುವ ಹಕ್ಕು ಜಮೀನ್ದಾರನದ್ದು. ಸಭೆಗೆ ಒಪ್ಪಿಗೆಯಿಲ್ಲದ ಪಾದ್ರಿಯನ್ನು ಹೇರಬಾರದೆಂದು ಹತ್ತು ವರ್ಷ ಜಗಳ ನಡೆದು, ನ್ಯಾಯಾಲಯಗಳು ಹಕ್ಕುದಾರರ ಕಡೆಗೇ ನಿಂತವು. ಆ ವರ್ಷದ ಮೇ 18ರಂದು ಎಡಿನ್‌ಬರೋದ ಮಹಾಸಭೆಯಿಂದ ಪಾದ್ರಿಗಳು ಎದ್ದು ಹೊರನಡೆದರು. ಥಾಮಸ್ ಚಾಮರ್ಸ್ ಅವರ ಅಧ್ಯಕ್ಷತೆಯಲ್ಲಿ ಫ್ರೀ ಚರ್ಚ್ ಹುಟ್ಟಿತು. ಸುಮಾರು 1,200 ಪಾದ್ರಿಗಳಲ್ಲಿ 450ಕ್ಕೂ ಹೆಚ್ಚು ಜನ ಸಂಬಳ, ಮನೆ, ಚರ್ಚು ಎಲ್ಲ ಬಿಟ್ಟರು. ಕೆಲವು ಜಮೀನ್ದಾರರು ಹೊಸ ಚರ್ಚಿಗೆ ಗೇಣು ಜಾಗವನ್ನೂ ಕೊಡಲಿಲ್ಲ. ಸ್ಟ್ರಾಂಷಿಯನ್ ಎಂಬಲ್ಲಿ ಜನ ನೀರಿನ ಮೇಲೆ ತೇಲುವ ಚರ್ಚು ಮಾಡಿಕೊಂಡರು.

ಅಲೆಕ್ಸಾಂಡರ್ ಎಡಿನ್‌ಬರೋದ ಮಹಾಸಭೆಯನ್ನು ಕಥೆಯ ಕೇಂದ್ರ ಮಾಡಿಕೊಳ್ಳುವುದಿಲ್ಲ. ನನಗೆ ಬಹಳ ಹಿಡಿಸಿದ್ದು ಅದು. ಅವನ ಒಡಕು ನಡೆಯುವುದು ಅಡುಗೆಮನೆಯಲ್ಲಿ, ಬಡಗಿಯ ಕೊಟ್ಟಿಗೆಯಲ್ಲಿ, ಹೊಲದ ಬದುವಿನಲ್ಲಿ. ಜಾನಿ ಗಿಬ್ ಗೇಣಿದಾರ. ಹೊಸ ಚರ್ಚಿನ ಪರ ನಿಂತರೆ ಒಡೆಯನಿಗೆ ಸಿಟ್ಟು. ಗೇಣಿಯ ಅವಧಿ ಮುಗಿದಾಗ ಹೊಲ ಯಾರಿಗೆ? ನೆರೆಮನೆಯ ಬರ್ಸ್ ದಂಪತಿಗಳ ಕಣ್ಣು ಆಗಲೇ ಆ ಹೊಲದ ಮೇಲಿದೆ. ಮಾತೆಲ್ಲ ಅಬರ್ಡೀನ್ ಸೀಮೆಯ ಆಡುನುಡಿ. ಮೊದಲ ಐವತ್ತು ಪುಟ ನಾನು ಶಬ್ದಕೋಶ ಪಕ್ಕದಲ್ಲಿಟ್ಟುಕೊಂಡು ತಡವರಿಸಿದೆ. ಕಾದಂಬರಿಗೆ ದೋಷಗಳಿಲ್ಲವೆಂದಲ್ಲ. ಲೇಖಕನ ಮನಸ್ಸು ಫ್ರೀ ಚರ್ಚಿನ ಕಡೆ ಎಷ್ಟು ವಾಲಿದೆಯೆಂದರೆ, ಹಳೆಯ ಚರ್ಚಿನಲ್ಲೇ ಉಳಿದವರಿಗೂ ಒಂದು ನಂಬಿಕೆಯಿತ್ತು ಎಂಬುದು ಅವನಿಗೆ ಕಾಣುವುದೇ ಇಲ್ಲ. ಆದರೂ ಆ ಜನ ಯಾವ ಹೊತ್ತಿನಲ್ಲಿ ಏನು ಕಳೆದುಕೊಳ್ಳಬಹುದಿತ್ತು ಎಂದು ರೂಪಾಯಿ ಪೈಸೆಯಲ್ಲಿ ಹೇಳಬಲ್ಲೆ. 'ತಲೆದಂಡ'ದ ಬಗ್ಗೆ ಅರವತ್ತು ಪುಟ ಬರೆದಿದ್ದೇನೆ. ಅಲ್ಲಿನ ಶರಣರು ಮಧ್ಯಾಹ್ನ ಏನು ಉಣ್ಣುತ್ತಿದ್ದರೆಂದು ನನ್ನನ್ನು ಕೇಳಬೇಡಿ.

ಹೋಲಿಕೆ ಪೂರ್ತಿ ಕೂಡುವುದಿಲ್ಲ. ಅಲ್ಲಿ ಒಡೆದ ಎರಡೂ ಬಣಗಳ ದೇವರು, ಗ್ರಂಥ, ಮೂಲಪುರುಷರು ಒಂದೇ. ನಮ್ಮಲ್ಲಿ ಮೂಲಪುರುಷ ಯಾರೆಂಬುದೇ ಜಗಳ, ಜೊತೆಗೆ ಜಾತಿ. ಆದರೂ ಗುರು ಯಾರಾಗಬಹುದು, ಅದನ್ನು ಯಾರು ತೀರ್ಮಾನಿಸಬೇಕು ಎಂಬ ಗಂಟು ಎರಡೂ ಕಡೆ ಇದೆ. ಜಂಗಮರಲ್ಲಿ ಹುಟ್ಟಿದವರೇ ಗುರುವೋ, ಭಕ್ತರ ಮನೆಯ ಹುಡುಗನೂ ಆಗಬಹುದೋ? ಈ ಪ್ರಶ್ನೆ ನಮ್ಮ ವಿಮರ್ಶೆಗೆ ಬಂದಾಗ ತಕ್ಷಣ ಆಗಮ, ವಚನ, ಶತಮಾನಗಳ ಚರ್ಚೆಯಾಗುತ್ತದೆ. 2018ರ ಮಾರ್ಚಿನಲ್ಲಿ ನಾಗಮೋಹನ ದಾಸ್ ಸಮಿತಿಯ ವರದಿಯನ್ನು ರಾಜ್ಯ ಸರ್ಕಾರ ಒಪ್ಪಿದಾಗಿನ ಲೇಖನಗಳನ್ನು ಕತ್ತರಿಸಿ ಫೈಲು ಮಾಡಿದ್ದೇನೆ. ಬಹುಪಾಲು ಉಲ್ಲೇಖಗಳ ಕಾದಾಟ. ಅಡ್ಡಪಲ್ಲಕ್ಕಿಗೆ ಪಟ್ಟಿ ಹಾಕದ ಮನೆಯವರೊಂದಿಗೆ ಊರು ಹೇಗೆ ನಡೆದುಕೊಂಡಿತು, ಲಿಂಗದೀಕ್ಷೆಗೆ ಯಾವ ಅಯ್ಯನವರನ್ನು ಕರೆಯಬೇಕೆಂದು ಅತ್ತೆ ಸೊಸೆ ಹೇಗೆ ಮಾತು ಬಿಟ್ಟರು ಎಂಬುದು ಅಲ್ಲಿಲ್ಲ. ಕಲ್ಯಾಣ ನಮಗೆ ದುರಂತವನ್ನು ಸಿದ್ಧಮಾಡಿಯೇ ಕೊಡುತ್ತದೆ: ಒಳ್ಳೆಯವರು, ಕೆಟ್ಟವರು, ಕೊನೆಗೆ ರಕ್ತ. ಮುಗಿಯದ, ಅರ್ಧ ನಗೆ ತರಿಸುವ, ಬೀಗರ ನಡುವಿನ ಒಡಕನ್ನು ಬರೆಯಲು ಜಗಳೂರಿನ ಮಾತು ಬೇಕು, ಮಠದ ಕಾಣಿಕೆಯ ಲೆಕ್ಕ ಗೊತ್ತಿರಬೇಕು. ವಿಮರ್ಶಕರಾದ ನಾವು ಅದನ್ನು ಸಣ್ಣ ವಸ್ತುವೆಂದು ಬಗೆದಿರುವಾಗ ಬರೆಯುವವರಾದರೂ ಯಾಕೆ ಬರೆದಾರು?

ನನ್ನ ಅತ್ತೆಯನ್ನು ಹೊನ್ನಾಳಿಗೆ ಕೊಟ್ಟಾಗ ಲಗ್ನಪತ್ರಿಕೆಯ ಮೇಲೆ ಯಾವ ಗುರುಗಳ ಫೋಟೋ ಎಂಬ ಮಾತು ಎದ್ದು, ಮದುವೆ ನಿಲ್ಲುವ ಮಟ್ಟಕ್ಕೆ ಹೋಗಿತ್ತಂತೆ. ಕೊನೆಗೆ ಎರಡು ಥರದ ಪತ್ರಿಕೆ ಅಚ್ಚಾದವು: ನಮ್ಮ ಕಡೆಯವರಿಗೆ ಒಂದು, ಗಂಡಿನ ಕಡೆಯವರಿಗೆ ಒಂದು. ಎರಡೂ ಅಜ್ಜಿಯ ಟ್ರಂಕಿನಲ್ಲಿವೆ. ಒಂದರ ಬೆನ್ನಿಗೆ ಪೆನ್ಸಿಲಿನಲ್ಲಿ ಬೆಲ್ಲ, ಕಡ್ಲೆಬೇಳೆ, ಎಲೆಯ ಲೆಕ್ಕ ಬರೆದಿದೆ.