ಮರಲ್ ಉಸಿರಿಗೆ ಬರುವ ಹೊತ್ತು

ಇಂಗ್ಲಿಷರ ಗಾಳದ ಪುಸ್ತಕಗಳಲ್ಲಿ ಪೈಕ್ ಮೀನಿಗೆ ದೊಡ್ಡ ಮರ್ಯಾದೆ. ಐಜಾಕ್ ವಾಲ್ಟನ್ 1653ರಲ್ಲೇ ಅದಕ್ಕೊಂದು ಅಧ್ಯಾಯ ಮೀಸಲಿಟ್ಟ. ಜೊಂಡಿನೊಳಗೆ ಕಡ್ಡಿಯಂತೆ ನಿಂತಿದ್ದು, ಹತ್ತಿರ ಸುಳಿದದ್ದರ ಮೇಲೆ ಎರಗುವ ಮೀನು ಅದು. ನಮ್ಮಲ್ಲಿ ಪೈಕ್ ಇಲ್ಲ, ಆ ಕಸುಬು ಮಾಡಲು ಹಾವಿನ ತಲೆಯ ಮರಲ್ ಇದೆ. ಮಾಸೂರಿನ ಹತ್ತಿರ ಗುಡ್ಡಗಳ ನಡುವೆ ಹಾಯುವ ಕುಮುದ್ವತಿಗೆ ವಿಜಯನಗರದ ಕಾಲದಲ್ಲಿ ಏರಿ ಹಾಕಿ ಕಟ್ಟಿದ್ದು ಮದಗದ ಕೆರೆ. ಇಂಥ ಕೆರೆಗಳ ಜೊಂಡು ಬೆಳೆದ ಅಂಚು ಮರಲ್‌ಗೆ ಹೇಳಿ ಮಾಡಿಸಿದ ಜಾಗ.

ಹೊಸಬರು ಮೊದಲು ಕೋಲು ಕೊಳ್ಳುತ್ತಾರೆ. ಬೇಡ. ಮೊದಲ ನಾಲ್ಕು ದಿನ ಬರಿಗೈಯಲ್ಲಿ ಹೋಗಿ ನೀರು ನೋಡಿ. ಮರಲ್‌ಗೆ ಕಿವಿರು ಸಾಲದು, ತಲೆಯೊಳಗಿನ ಇನ್ನೊಂದು ಅಂಗದಿಂದ ಗಾಳಿಯನ್ನೂ ಉಸಿರಾಡಬೇಕು. ಅದಕ್ಕೇ ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದು ಮುಳುಗುತ್ತದೆ. ನೀರ ಮೇಲೆ ಒಂದು ಸಣ್ಣ ಸುಳಿ, ಎರಡು ಗುಳ್ಳೆ, ಅಷ್ಟೇ. ಎಷ್ಟೇ ಅಡಗಿದರೂ ಮನೆಯ ವಿಳಾಸವನ್ನು ತಾನೇ ಹೇಳಿಬಿಡುವ ಬೇಟೆಗಾರ! ಪೈಕ್‌ಗೆ ಈ ಸಂಕಟವಿಲ್ಲ, ಹಾಗಾಗಿ ನೋಡುವವನಿಗೆ ಈ ಸುಖವೂ ಇಲ್ಲ. ಏರಿಯ ಮೇಲೆ ನಾನು ಚಡಪಡಿಸುತ್ತಿದ್ದಾಗ ಪಕ್ಕದಲ್ಲಿದ್ದ ಅಜ್ಜನೊಬ್ಬ, "ಗಡಿಬಿಡಿ ಮಾಡಬ್ಯಾಡ ತಮ್ಮಾ, ಉಸರಿಗೆ ಬಂದ ಬರತೈತಿ" ಎಂದಿದ್ದ. ಬಂತು. ನನ್ನ ನೆರಳು ಕಂಡು ಹೋಗಿಯೂ ಬಿಟ್ಟಿತು.

ಸಾಮಾನು ಕಡಿಮೆ: ಬಿದಿರು ಕೋಲು, ಗಟ್ಟಿ ತಂಗೂಸಿ, ಗಾಳ, ಜೋಳದ ದಂಟಿನ ಬೆಂಡು. ಎರೆಹುಳಕ್ಕಿಂತ ಸಣ್ಣ ಮೀನನ್ನೋ ಕಪ್ಪೆಯನ್ನೋ ಮರಲ್ ಬೇಗ ಹಿಡಿಯುತ್ತದೆ. ಬೆಂಡು ಮೊದಲು ನಡುಗುತ್ತದೆ, ಆಮೇಲೆ ಓರೆಯಾಗಿ ಸರಿಯುತ್ತದೆ. ನಡುಗಿದಾಗಲೇ ಎಳೆದರೆ ಬರಿಗಾಳ. ಆ ನಡುಕಕ್ಕೂ ಸರಿತಕ್ಕೂ ನಡುವಿನ ಎರಡು ಕ್ಷಣಕ್ಕಾಗಿಯೇ ಜನ ಇಡೀ ಸಂಜೆ ಕೂರುತ್ತಾರೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಿಗೆ ಗಾಳದ ಹುಚ್ಚು ಎಷ್ಟಿತ್ತೆಂಬುದು ಅವರ ಓದುಗರಿಗೆಲ್ಲ ಗೊತ್ತು.

  

ಮಳೆಗಾಲದಲ್ಲಿ ನೀರ ಮೇಲೆ ಕೆಂಪು ಕಿತ್ತಳೆ ಬಣ್ಣದ ಮರಲ್ ಮರಿಗಳ ಗುಂಪು ಕುದಿಯುವ ಹಾಗೆ ಸರಿದಾಡುತ್ತದೆ. ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ, ಏನು ಹತ್ತಿರ ಬಂದರೂ ಕಚ್ಚುತ್ತವೆ. ಅಲ್ಲಿ ಗಾಳ ಎಸೆದು ಹಿಡಿಯುವುದು ಸುಲಭ, ಅದಕ್ಕೇ ಹೇಸಿಗೆ. ಕಾವಲು ಹೋದರೆ ಮರಿಗಳು ಬೇರೆ ಮೀನಿನ ಬಾಯಿಗೆ.

ಇನ್ನೊಂದು ಮಾತು. ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ಕೋಲು ಬಿಚ್ಚುವ ಮುಂಚೆ ಗುತ್ತಿಗೆದಾರರನ್ನು ಕೇಳಿ.