ಎಕ್ಕದ ಹೂವಿನ ಕುಸುರಿ

ಕಣಗಿಲೆ, ನಂಜಬಟ್ಟಲು, ನಿತ್ಯಪುಷ್ಪಗಳಿರುವ ಅಪೊಸೈನೇಸೀ ಕುಟುಂಬಕ್ಕೇ ಎಕ್ಕದ ಗಿಡವೂ ಸೇರಿದೆ. ಎಲೆ ಮುರಿದರೆ ಬಿಳಿ ಹಾಲು ಒಸರುವುದು ಈ ಕುಟುಂಬದ ಹಲವು ಗಿಡಗಳ ಗುಣ. ರಥಸಪ್ತಮಿಯ ಸ್ನಾನಕ್ಕೆ ಏಳು ಎಲೆ ಕಿತ್ತು ತರುವುದನ್ನು ಬಿಟ್ಟರೆ ಪಾಳುನೆಲದ ಈ ಗಿಡದತ್ತ ಜನ ತಿರುಗಿ ನೋಡುವುದು ಕಡಿಮೆ. ಆದರೆ ಅದರ ಹೂವಿನ ಒಳರಚನೆಯಷ್ಟು ಅಚ್ಚುಕಟ್ಟಾದ ಕೆಲಸ ಸಸ್ಯಲೋಕದಲ್ಲಿ ಅಪರೂಪ.

ಮೇಣ ಸವರಿದಂತಿರುವ ಐದು ತಿಳಿನೇರಳೆ ದಳಗಳ ನಡುವೆ ಐದು ಮೂಲೆಯ ಪುಟ್ಟ ಕಿರೀಟ ಎದ್ದು ನಿಂತಿರುತ್ತದೆ. ಕೇಸರಗಳೂ ಶಲಾಕಾಗ್ರವೂ ಒಂದಾಗಿ ಬೆಸೆದಿರುವುದು ಇಲ್ಲಿಯೇ. ಪರಾಗ ಇಲ್ಲಿ ಪುಡಿಯಾಗಿ ಉದುರುವುದಿಲ್ಲ. ಹಳದಿ ಮೇಣದ ಚಪ್ಪಟೆ ಚೀಲಗಳಲ್ಲಿ ಗಟ್ಟಿಯಾಗಿ ಕೂಡಿಕೊಂಡಿರುತ್ತದೆ. ಎರಡೆರಡು ಚೀಲಗಳನ್ನು ಕೂದಲೆಳೆಯಂಥ ತೋಳುಗಳು ಒಂದು ಕಂದು ಕ್ಲಿಪ್ಪಿಗೆ ಜೋಡಿಸುತ್ತವೆ. ಹೂವೊಂದಕ್ಕೆ ಇಂಥ ಐದು ಜೋಡಿ. ಸೂಜಿಯ ಮೊನೆಯಿಂದ ಕ್ಲಿಪ್ಪನ್ನು ಮೆಲ್ಲಗೆ ಎತ್ತಿದರೆ ಜೋಡಿ ಇಡಿಯಾಗಿ ಮೇಲೆದ್ದು ಬರುತ್ತದೆ. ಎಂಥ ನಯ!

ಮಕರಂದಕ್ಕೆ ಬರುವ ದೊಡ್ಡ ಕಪ್ಪು ಬಡಗಿದುಂಬಿಯ ಕಾಲು ಕಿರೀಟದ ಸೀಳಿಗೆ ಜಾರುತ್ತದೆ. ಕಾಲು ಎಳೆದುಕೊಂಡಾಗ ಕ್ಲಿಪ್ಪು ಕಚ್ಚಿಕೊಂಡು ಚೀಲಗಳೂ ಜೊತೆಗೆ ಹೊರಡುತ್ತವೆ. ಮುಂದಿನ ಹೂವಿನ ಸೀಳಿನಲ್ಲಿ ಚೀಲ ಸಿಕ್ಕಿಕೊಂಡರೆ ಪರಾಗಸ್ಪರ್ಶ ಆದಂತೆಯೇ. ಒಂದೇ ಚೀಲದಲ್ಲಿ ಕಾಯಿ ತುಂಬ ಬೀಜ ಕಟ್ಟುವಷ್ಟು ಪರಾಗವಿರುತ್ತದೆ. ಕಾಯಿ ಒಣಗಿ ಬಿರಿದಾಗ ಪ್ರತಿ ಬೀಜವೂ ರೇಷ್ಮೆಯಂಥ ಬಿಳಿ ಎಳೆಗಳ ಗೊಂಚಲು ಹೊತ್ತು ಗಾಳಿಗೆ ಹಾರುತ್ತದೆ. ಈ ಎಳೆಗಳನ್ನು ದಿಂಬಿಗೂ ತುಂಬುವುದುಂಟು.