ಹಕ್ಕಲಿನ ಹೊಲದಲ್ಲಿ ಪರದೇಶಿ: ರೂತಳ ಗ್ರಂಥದ ಮರುವಾಚನ

ರೂತಳ ಗ್ರಂಥವನ್ನು ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಅನ್ಯಳೊಬ್ಬಳು ತನ್ನತನವನ್ನು ತೊರೆದು ದೇವಜನರಲ್ಲಿ ಕರಗಿಹೋದ ಕಥೆಯಾಗಿ ವಿವರಿಸುತ್ತವೆ. ಗ್ರಂಥಪಾಠ ಈ ವಾಚನವನ್ನು ಬೆಂಬಲಿಸುವುದಿಲ್ಲ. ನೊವೊಮಿಯ ಜನರೇ ತನ್ನ ಜನರೆಂದು ಆಣೆಯಿಟ್ಟ ಮೇಲೂ (1:16-17) ರೂತಳು ‘ಮೋವಾಬ್ಯಳು’ ಎಂದೇ ಕರೆಯಲ್ಪಡುತ್ತಾಳೆ (2:2, 6, 21, 4:5, 10). ಬೋವಜನ ದಯೆಗಿಂತ ಮುಂಚೆಯೇ ಅವಳಿಗೆ ಹೊಲದ ದಾರಿ ತೆರೆದದ್ದು ಧರ್ಮಶಾಸ್ತ್ರದ ಹಕ್ಕಲಿನ ನಿಯಮ. ತಿ. ನರಸೀಪುರದ ಭತ್ತದ ಗದ್ದೆಗಳನ್ನು ಬಲ್ಲವರಿಗೆ ಹಕ್ಕಲೆಂದರೇನೆಂದು ವಿವರಿಸಬೇಕಿಲ್ಲ. ಅದು ಕೊಯ್ಲಾದ ಮೇಲೆ ಉಳಿದ ತೆನೆ. ಯಾಜಕಕಾಂಡವು (19:10, 23:22) ಅದನ್ನು ‘ಬಡವ’ ಮತ್ತು ‘ಪರದೇಶಿ’ ಇಬ್ಬರಿಗೂ ಒಟ್ಟಿಗೇ ಮೀಸಲಿಡುತ್ತದೆ.

ಈ ಜೋಡಣೆಯನ್ನು ಇಂದು ನಾವು ಮುರಿಯುತ್ತಿದ್ದೇವೆ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟವು ಒಪ್ಪಿ, ಕೂಡಲೇ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆಯು ಖಾಸಗಿ ಕೈಗಾರಿಕೆಗಳಲ್ಲಿ ಆಡಳಿತ ಹುದ್ದೆಗಳ ಶೇ. 50ನ್ನೂ ಇತರ ಹುದ್ದೆಗಳ ಶೇ. 70ನ್ನೂ ಸ್ಥಳೀಯರಿಗೆ ಮೀಸಲಿಟ್ಟಿತ್ತು. ರಾಜ್ಯದಲ್ಲಿ ಹುಟ್ಟಿ, 15 ವರ್ಷ ನೆಲೆಸಿ, ಕನ್ನಡ ಮಾತನಾಡಲು, ಓದಲು, ಬರೆಯಲು ಬಲ್ಲವರೇ ಸ್ಥಳೀಯರು. ಈ ಅಳತೆಯಲ್ಲಿ ಭಾಷೆ ಕಲಿತರೂ ರೂತಳು ಸ್ಥಳೀಯಳಾಗಲಾರಳು. ಬೇತ್ಲೆಹೇಮಿನಲ್ಲಿ ಹುಟ್ಟಿದ ಅವಳ ಮಗ ಓಬೇದನು ಮಾತ್ರ ಆಗಬಲ್ಲನು. ದೇಶದ ಗಡಿಯನ್ನೇ ದಾಟದ ಪ್ರಜೆಯೂ ಹೀಗೆ ಪರದೇಶಿಯಾಗುತ್ತಾನೆ.

ಆದರೂ ಮಸೂದೆಯ ಹಿಂದಿನ ಆತಂಕವನ್ನು ಸಂಕುಚಿತತೆಯೆಂದು ತಳ್ಳಿಹಾಕುವುದು ದೇವಶಾಸ್ತ್ರವಲ್ಲ. ಮಕ್ಕಳು ಯೆಹೂದ್ಯರ ಭಾಷೆಯನ್ನು ಮರೆತದ್ದನ್ನು ಕಂಡು ನೆಹೆಮೀಯನು ಕಳವಳಗೊಂಡನು (13:24). ಸಾಮ್ರಾಜ್ಯದ ಅಡಿಯಲ್ಲಿದ್ದ ಪುಟ್ಟ ಸಮುದಾಯದ ಆ ಕಳವಳ ನ್ಯಾಯವಾದದ್ದೇ. ಅದು ಶಾಪಕ್ಕೂ ಹೊಡೆತಕ್ಕೂ ತಿರುಗಿದ್ದು (13:25) ನ್ಯಾಯವಲ್ಲ. ದೇವರ ವಾಕ್ಯವು ನೆಹೆಮೀಯನನ್ನೂ ರೂತಳನ್ನೂ ಒಟ್ಟಿಗೆ ಉಳಿಸಿಕೊಂಡಿದೆ. ಒಬ್ಬರನ್ನು ಓದುವಾಗ ಇನ್ನೊಬ್ಬರನ್ನು ಮರೆಯುವಂತಿಲ್ಲ.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಈ ಇಬ್ಬರೂ ಎದುರುಬದುರಾಗಿದ್ದಾರೆ. ಒಂದು ಕಡೆ ಕಾರ್ಖಾನೆಗೆ ಭೂಮಿ ಬಿಟ್ಟುಕೊಟ್ಟ ಕುಟುಂಬದ ಯುವಕ. ಇನ್ನೊಂದು ಕಡೆ ದೂರದ ರಾಜ್ಯದಿಂದ ಬಂದ ಗುತ್ತಿಗೆ ಕಾರ್ಮಿಕ. ಮಸೂದೆ ಅವರಿಬ್ಬರ ನಡುವೆ ತೆನೆಗಳನ್ನು ಎಣಿಸಿ ಹಂಚುತ್ತದೆ. ಧರ್ಮಶಾಸ್ತ್ರವಾದರೋ ಹಕ್ಕಲಾಯುವವರನ್ನು ಪ್ರಶ್ನಿಸದೆ, ಹೊಲದ ಒಡೆಯನಿಗೆ ಆಜ್ಞಾಪಿಸುತ್ತದೆ: ಅಂಚಿನವರೆಗೂ ಕೊಯ್ಯಬೇಡ. ಸ್ಥಳೀಯನಿಗೆ ಕೆಲಸ ನಿರಾಕರಿಸುವ, ವಲಸಿಗನಿಗೆ ಕಡಿಮೆ ಕೂಲಿ ಕೊಡುವ ಕೈ ಒಂದೇ ಆಗಿರುವಾಗ, ಸಭಾಪಾಲಕರ ಮಾತು ಮೊದಲು ತಲುಪಬೇಕಾದದ್ದು ಆ ಕೈಗೆ. ವಲಸಿಗನಿಗೆ ಕನ್ನಡ ಕಲಿಸುವ ಕೆಲಸವನ್ನೂ ಸಭೆ ವಹಿಸಿಕೊಳ್ಳಲಿ. ಅದು ಆತಿಥ್ಯವಾಗಿರಲಿ, ಅರ್ಹತಾ ಪರೀಕ್ಷೆಯಾಗದಿರಲಿ.